ಏಳನೇ ಡಬ್ಬಿಯ ಹುಣಸೆ ನಾರು

ಗಾಜಿನ ನಳಿಗೆಯೊಳಗೆ ಒಂದೇ ಒಂದು ಹನಿ ಬಿತ್ತು. ತಿಳಿಯಾಗಿದ್ದ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಯಿತು.

"ಹೀಗಾಗಬಾರದಿತ್ತು," ಅಂದಳು ವಿದ್ಯಾಶ್ರೀ.

"ಏನಾಗಬಾರದಿತ್ತು? ಬಿಡಿಸಿ ಹೇಳಮ್ಮ. ನಾನು ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಸರಿಯಾಗಿ ಮೂವತ್ತೈದು ತಗೊಂಡೋಳು."

"ಬೆಳ್ಳಗಾಗಬಾರದಿತ್ತು ಮೇಡಂ. ಬೆಳ್ಳಗಾದ್ರೆ ಪುಡಿಯಲ್ಲಿ ಕ್ಲೋರೈಡ್ ಇದೆ ಅಂತ ಅರ್ಥ. ಉಪ್ಪು. ನಾವು ಸಾರಿಗೆ ಹಾಕ್ತೀವಲ್ಲ, ಅದೇ ಉಪ್ಪು."

ಭದ್ರಾವತಿ ಠಾಣೆಯ ಎ.ಎಸ್.ಐ. ಮಹಾಂತಮ್ಮ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ನಳಿಗೆಯ ಹತ್ತಿರ ಬಗ್ಗಿದರು. ಪಕ್ಕದ ಊರಿನ ಗೋಪಾಳ ಬಡಾವಣೆಯ ಮನೆಯೊಂದರ ಮಹಡಿಯ ಮೇಲಿದ್ದ ಈ ಪುಟ್ಟ ಲ್ಯಾಬಿಗೆ ಅವರು ಬಂದಿರುವುದು ಇನ್ಸ್‌ಪೆಕ್ಟರ್ ಸಾಹೇಬರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಮೂವತ್ತು ವರ್ಷದ ಖಾಕಿಗೆ ಕೊನೆಯ ಮೂರು ತಿಂಗಳಲ್ಲಿ ಮಸಿ ಹತ್ತುತ್ತಿತ್ತು. ಸತ್ತವನ ಮಾಸ್ಕಿಗೆ ಸಿಕ್ಕಿಸಿದ್ದ ಪುಡಿಯ ಡಬ್ಬಿಯನ್ನು, ಅವನ ಸಾವಿಗೆ ಕಾರಣಳು ಎಂದು ಎಲ್ಲರೂ ಬೆರಳು ತೋರಿಸುತ್ತಿರುವ ಹುಡುಗಿಯ ಮೇಜಿನ ಮೇಲೇ ತಂದಿಡುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಆದರೆ ಬೆಂಗಳೂರಿಗೆ ಕಳಿಸಿದ ಅರ್ಧ ಪುಡಿಯ ವರದಿ ಬರಲು ಮೂರು ತಿಂಗಳು ಬೇಕು. ವಿದ್ಯಾಶ್ರೀಯನ್ನು ಬಂಧಿಸಲು ನಾಳೆ ಸಂಜೆ ಸಾಕು. ಮಹಾಂತಮ್ಮನಿಗೆ ಮನಸ್ಸು ತಡೆಯಲಿಲ್ಲ, ತಂದರು.

ಹತ್ತು ದಿನದ ಹಿಂದೆ, ವಿಜಯದಶಮಿಯ ಮರುದಿನ ಬೆಳಿಗ್ಗೆ, ಭದ್ರಾವತಿಯ ಬಿಲ್ಲೇಶ್ವರ ಫೌಂಡ್ರಿಯಲ್ಲಿ ವಿದ್ಯಾಶ್ರೀಯ ತಮ್ಮ ಗಣೇಶ ಗ್ಯಾಸ್ ಹೊಡೆದು ಸತ್ತಿದ್ದ. ಅವನ ಮುಖದ ಮೇಲೆ ಇವಳೇ ಮಾಡಿಕೊಟ್ಟ ಮಾಸ್ಕ್ ಇತ್ತು, ಅದರ ಮೂತಿಗೆ ಗ್ಯಾಸ್ ತಡೆಯುವ ಪುಡಿಯ ಡಬ್ಬಿ.

"ಇನ್ನೊಂದು ಸಲ ಹೇಳು," ಅಂದರು ಮಹಾಂತಮ್ಮ. "ನಿಧಾನಕ್ಕೆ. ನಾಳೆ ನಾನು ಸಾಹೇಬರ ಮುಂದೆ ಒದರಬೇಕು."

ವಿದ್ಯಾಶ್ರೀ ಬಿಳಿ ಕಾಗದದ ಮೇಲಿದ್ದ ಪುಡಿಯನ್ನು ಬೆರಳಿಂದ ಹರಡಿದಳು. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಅವಳ ಬೆರಳ ತುದಿಗಳು ಕಪ್ಪಗಿದ್ದವು. ಆ ಹನಿಯ ಬೆಳ್ಳಿ ಲವಣ ತಾಗಿದರೆ ವಾರಗಟ್ಟಲೆ ಹೋಗುವುದಿಲ್ಲವಂತೆ.

"ಚಿನ್ನ, ತಾಮ್ರ ಎರಡೂ ಸೇರಿದ ಕಣ ಮೇಡಂ ಇದು. ಒಂದು ಕೂದಲಿನ ಅಗಲದಲ್ಲಿ ಇಪ್ಪತ್ತು ಸಾವಿರ ಕಣ ಸಾಲಾಗಿ ನಿಲ್ಲಿಸಬಹುದು, ಅಷ್ಟು ಸಣ್ಣದು. ಕುಲುಮೆಯಿಂದ ಬರೋ ಗ್ಯಾಸ್, ಕಾರ್ಬನ್ ಮೊನಾಕ್ಸೈಡ್, ಈ ಪುಡಿ ಮೇಲೆ ಹಾದುಹೋಗಬೇಕು. ಚಿನ್ನ ಅದನ್ನ ಹಿಡ್ಕೊಳ್ಳುತ್ತೆ. ತಾಮ್ರ ಗಾಳೀಲಿರೋ ಆಕ್ಸಿಜನ್ ತಂದುಕೊಡುತ್ತೆ. ಎರಡೂ ಸೇರಿದ್ರೆ ಆಯ್ತು, ವಿಷ ಇರಲ್ಲ. ನಾವು ಉಸಿರು ಬಿಡ್ತೀವಲ್ಲ, ಆ ಗಾಳಿ ಆಗಿಬಿಡುತ್ತೆ."

"ಬರೀ ಚಿನ್ನ ಸಾಲದಾ?"

"ನಿಮ್ಮ ಸರಕ್ಕೆ ಸಾಲುತ್ತಾ ಮೇಡಂ? ಅಕ್ಕಸಾಲಿಗರು ತಾಮ್ರ ಬೆರೆಸದೆ ಒಡವೆ ಮಾಡ್ತಾರಾ?"

ಮಹಾಂತಮ್ಮನಿಗೆ ನಗು ಬಂತು, ಅಷ್ಟರಲ್ಲೇ ಹೋಯಿತು. ಅವರ ಕತ್ತಿನಲ್ಲಿ ಸರ ಇರಲಿಲ್ಲ. ಇಪ್ಪತ್ತೆರಡು ವರ್ಷದ ಕೆಳಗೆ ಹರಿಹರದ ಕಡೆಯ ಒಂದು ಸುಣ್ಣದ ಗೂಡಿನಲ್ಲಿ ಗಂಡ ಇದೇ ಗ್ಯಾಸಿಗೆ ಹೋದ. ಹೊಗೆಯಿಲ್ಲ, ವಾಸನೆಯಿಲ್ಲ. ಗೋಡೆಗೊರಗಿ ನಿದ್ದೆ ಮಾಡಿದ ಹಾಗೆ ಕೂತಿದ್ದನಂತೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅನ್ನುತ್ತಾರೆ, ಹೊಗೆಯೇ ಇಲ್ಲದೆ ಮನೆ ಸುಡುವುದನ್ನು ಮಹಾಂತಮ್ಮ ಆವತ್ತು ಕಂಡಿದ್ದರು. ಅಂಥ ಗ್ಯಾಸನ್ನು ಒಂದು ಚಮಚ ಪುಡಿಯಲ್ಲಿ ಕಟ್ಟಿಹಾಕುವ ಹುಡುಗಿಯೊಬ್ಬಳು ಇಪ್ಪತ್ತೆರಡು ವರ್ಷ ಮೊದಲೇ ಹುಟ್ಟಿದ್ದರೆ ಎಂಬ ಆಸೆ ಅವರನ್ನು ಈ ಕೇಸಿನ ಮೊದಲ ದಿನದಿಂದ ಕಾಡುತ್ತಿತ್ತು. ಆ ಆಸೆ ಅವರ ಕಣ್ಣಿಗೆ ಪರದೆ ಕಟ್ಟುತ್ತಿದೆಯೇನೋ ಎಂದು ಅವರಿಗೆ ಅನ್ನಿಸಲಿಲ್ಲ.

"ಉಪ್ಪು ಬಿದ್ರೆ?"

"ಸತ್ತುಹೋಗುತ್ತೆ. ಕಣಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ದಪ್ಪಗಾಗ್ತವೆ. ಗ್ಯಾಸ್ ಕೂರಬೇಕಾದ ಜಾಗದಲ್ಲಿ ಕ್ಲೋರೈಡ್ ಕೂತುಬಿಡುತ್ತೆ. ಅದಕ್ಕೇ ನಾನು ಪ್ರತಿಸಲ ಹನ್ನೊಂದು ನೀರಲ್ಲಿ ತೊಳೀತೀನಿ. ಕೊನೇ ನೀರಿಗೆ ಈ ಹನಿ ಹಾಕಿದ್ರೆ ತಿಳಿಯಾಗೇ ಇರಬೇಕು. ಇಲ್ಲಾಂದ್ರೆ ಪುಡಿ ಹೊರಗೆ ಕೊಡಲ್ಲ."

"ಅಂದ್ರೆ ಉಪ್ಪು ಆಮೇಲೆ ಬಿದ್ದಿದೆ."

"ಹತ್ತು ಡಬ್ಬಿ ತುಂಬಿ ಶ್ರಾವಣದಲ್ಲೇ ಫೌಂಡ್ರಿಗೆ ಕೊಟ್ಟೆ ಮೇಡಂ. ಆಮೇಲೆ ಒಂದನ್ನೂ ಮುಟ್ಟಿಲ್ಲ. ಹನ್ನೊಂದನೇದು ಮಾಡೋಣ ಅಂದ್ರೆ ಚಿನ್ನದ ಲವಣವೇ ಮುಗಿದಿತ್ತು."

"ಗಣೇಶನ ಹತ್ರ ಕೊನೇಸಲ ಮಾತಾಡಿದ್ದು?"

"ಹಬ್ಬಕ್ಕೆ ಮೂರು ದಿನ ಮುಂಚೆ. ಫೀಸ್ ಕಟ್ಟಿದ್ಯಾ ಅಂತ ಕೇಳ್ದ." ಅವಳು ಪುಡಿಯ ಕಾಗದವನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಓದಿಸೋಕೆ ಡಿಪ್ಲೊಮಾ ಬಿಟ್ಟು ಕುಲುಮೆಗೆ ಸೇರಿದೋನು ಅವನು. ಅವನಿಗೋಸ್ಕರ ಮಾಡಿದ ಮಾಸ್ಕ್ ಇದು."

ಗಣೇಶನ ಫೋನಿನ ಪಟ್ಟಿ ತರಿಸಿ ನೋಡಿದ್ದ ಮಹಾಂತಮ್ಮನಿಗೆ ಅದು ಸರಿಯೆನ್ನುವುದು ಗೊತ್ತಿತ್ತು. ಅವರು ಡಬ್ಬಿಯನ್ನು ಕೈಗೆತ್ತಿಕೊಂಡರು. ಹಿತ್ತಾಳೆಯದು, ಲೇತಿನಲ್ಲಿ ತಿರುವಿ ಮಾಡಿದ್ದು, ಅಂಗೈಯಲ್ಲಿ ಕೂರುವಷ್ಟು. ತಳದಲ್ಲಿ 7 ಎಂದು ಹೊಡೆದಿತ್ತು. ಅಚ್ಚು ಚೊಕ್ಕವಾಗಿತ್ತು, ಏಳರ ಕಾಲು ತುದಿಯವರೆಗೂ ಇಳಿದಿತ್ತು. ಒಳಗೋಡೆಯ ಅರ್ಧದಲ್ಲಿ ಬೆಳ್ಳನೆಯ ಗೆರೆ, ನೀರು ನಿಂತು ಒಣಗಿದ ಗುರುತು.

"ಇಲ್ನೋಡಿ ಮೇಡಂ, ಏನೋ ಸಿಕ್ಕಿಕೊಂಡಿದೆ." ವಿದ್ಯಾಶ್ರೀ ಮುಚ್ಚಳದ ಮರೆಯಲ್ಲಿದ್ದುದನ್ನು ಚಿಮುಟದಿಂದ ಎಳೆದು ಕಾಗದದ ಮೇಲಿಟ್ಟಳು. "ದಾರ ಇರಬೇಕು."

ಕಂದು ಬಣ್ಣದ, ಅರ್ಧ ಬೆರಳುದ್ದದ, ಗಟ್ಟಿಯಾದ ಎಳೆ.

ಅದು ದಾರವಲ್ಲ. ಅಡುಗೆಮನೆಯಲ್ಲಿ ಕೈಯಾಡಿಸಿದ ಯಾವ ಹೆಂಗಸಿಗೂ ಗುರುತು ಸಿಗುವ ವಸ್ತು. ಹುಣಸೆಹಣ್ಣಿನ ನಾರು.

ಮಹಾಂತಮ್ಮ ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸಿಕೊಂಡರು. ಹಿತ್ತಾಳೆ ಡಬ್ಬಿ. ಉಪ್ಪು. ಹುಣಸೆಹಣ್ಣು. ಆಯುಧಪೂಜೆ. ಹಬ್ಬದ ಹಿಂದಿನ ದಿನ ನಮ್ಮ ಹೆಂಗಸರು ಹಿತ್ತಾಳೆಯನ್ನು ಹೇಗೆ ಬೆಳಗುತ್ತಾರೆಂದು ಯಾವ ವಿಜ್ಞಾನಿಯನ್ನೂ ಕೇಳಬೇಕಾಗಿಲ್ಲ.

"ದಾರವೇ ಇರಬೇಕು," ಎಂದು ಹೇಳಿ ಅದನ್ನು ಕಾಗದದಲ್ಲಿ ಮಡಚಿ ಜೇಬಿಗೆ ಹಾಕಿಕೊಂಡರು. "ನಾನು ನಿಮ್ಮ ಅಮ್ಮನ ಹತ್ರ ಹೋಗ್ತೀನಿ."

"ನಾನೂ ಬರ್ತೀನಿ ಮೇಡಂ. ನಾಳೆ ಹನ್ನೊಂದನೇ ದಿನ. ಅಮ್ಮ ನನ್ನ ಒಳಗೆ ಬಿಡಲ್ಲ, ಗೊತ್ತು. ಹೊರಗೇ ನಿಂತಿರ್ತೀನಿ."

*

ಸ್ಕೂಟರಿನ ಹಿಂದೆ ಕೂತ ವಿದ್ಯಾಶ್ರೀ ಊರು ದಾಟುವವರೆಗೆ ಮಾತಾಡಲಿಲ್ಲ. ಆಮೇಲೆ ಅವಳ ಹಣೆ ಮಹಾಂತಮ್ಮನ ಬೆನ್ನಿಗೆ ತಾಗಿತು. ಭದ್ರಾವತಿ ಬರುವ ಹೊತ್ತಿಗೆ ಖಾಕಿ ಅಂಗಿ ಅಂಗೈಯಗಲ ಒದ್ದೆಯಾಗಿತ್ತು.

ಮಕ್ಕಳಿಲ್ಲದ ಮಹಾಂತಮ್ಮನಿಗೆ ಬೆನ್ನ ಮೇಲೆ ಹೀಗೆ ಯಾರೂ ಅತ್ತಿರಲಿಲ್ಲ. ತಮ್ಮನನ್ನು ಕಳೆದುಕೊಂಡವಳಿಗೆ ತಾಯಿಯ ಮನೆಯ ಬಾಗಿಲೂ ಮುಚ್ಚಿತ್ತು. ಅವಳ ಪುಡಿಯಲ್ಲಿ ತಪ್ಪಿಲ್ಲ ಎಂದು ಸಾಬೀತು ಮಾಡಿದರೆ ಆ ಬಾಗಿಲು ತೆರೆಯುತ್ತದೆ. ಆದರೆ ಸಾಬೀತು ಮಾಡುವುದೆಂದರೆ, ಮಗನನ್ನು ಕೊಂದದ್ದು ನಿನ್ನ ಕೈಯ ಉಪ್ಪು ಎಂದು ಹೆತ್ತವಳಿಗೆ ಹೇಳುವುದು. ಅತ್ತ ದರಿ ಇತ್ತ ಪುಲಿ ಎಂಬ ಮಾತು ಇಂಥದಕ್ಕೇ ಹುಟ್ಟಿರಬೇಕು.

ಮೊದಲು ಖಾತ್ರಿ ಮಾಡಿಕೊಳ್ಳಬೇಕಿತ್ತು. ವಿದ್ಯಾಶ್ರೀಯನ್ನು ಟೀ ಅಂಗಡಿಯ ಹತ್ತಿರ ಬಿಟ್ಟು ಮಹಾಂತಮ್ಮ ಒಬ್ಬರೇ ಫೌಂಡ್ರಿಯ ಗೇಟು ದಾಟಿದರು.

ಕುಲುಮೆ ಆರಿತ್ತು. ಮಾಲೀಕ ಗುರುಪ್ರಸಾದ್ ಊರಲ್ಲಿರಲಿಲ್ಲ. ಕುಲುಮೆಯ ಗ್ಯಾಸನ್ನು ಹೊರಗೆಳೆಯುವ ಫ್ಯಾನ್ ಕೆಟ್ಟು ತಿಂಗಳಾಗಿದ್ದರೂ ರಿಪೇರಿ ಮಾಡಿಸದ ಪುಣ್ಯಾತ್ಮ ಅವನು. ಪುಡಿಯ ಮೇಲೆ ತಪ್ಪು ಬಿದ್ದಷ್ಟೂ ಅವನ ಮೈಗೆ ಹಿತ. ಮೊನ್ನೆಯವರೆಗೂ ಮಹಾಂತಮ್ಮನ ಸಂಶಯವೆಲ್ಲ ಅವನ ಮೇಲೇ ಇತ್ತು.

ಹಳೇ ಕೆಲಸಗಾರ ಕರಿಯಣ್ಣ ತನ್ನ ಬೆಂಚಿನ ಮುಂದೆ ಕೂತಿದ್ದ. ವೈಸ್, ಸುತ್ತಿಗೆ, ಅರ, ಎಲ್ಲದರ ಮೇಲೂ ಹಬ್ಬದ ಕುಂಕುಮ ಹಾಗೇ ಇತ್ತು. ಗಣೇಶನನ್ನು ಮೇಲಿನ ಅಟ್ಟಣೆಯಿಂದ ಹೊತ್ತು ಇಳಿಸಿದವನು ಇವನೇ.

"ಅಳಿಸೋಕೆ ಮನಸ್ಸು ಬರ್ತಿಲ್ಲ ಮೇಡಮ್ಮ," ಅಂದ. "ಈ ಕುಂಕುಮ ಆ ಹುಡುಗನೇ ಇಟ್ಟಿದ್ದು."

"ಕರಿಯಣ್ಣ, ನೀನು ಇಳಿಸಿದಾಗ ಅವನ ಡಬ್ಬಿ ಮುಟ್ಟಿದ್ಯಾ?"

"ಮುಟ್ದೆ. ತಣ್ಣಗಿತ್ತು." ಕರಿಯಣ್ಣ ತಲೆ ತಗ್ಗಿಸಿದ. "ವಿದ್ಯಮ್ಮ ನಮಗೆಲ್ಲ ಹೇಳಿಕೊಟ್ಟಿದ್ರು. ಗ್ಯಾಸ್ ಇರೋ ಕಡೆ ಡಬ್ಬಿ ಬೆಚ್ಚಗಾಗಬೇಕು, ಬೆಚ್ಚಗಿದ್ರೆ ಅದಕ್ಕೆ ಜೀವ ಇದೆ ಅಂತ. ಅವನ ಮೈ ಇನ್ನೂ ಬೆಚ್ಚಗಿತ್ತು, ಡಬ್ಬಿ ತಣ್ಣಗಿತ್ತು."

ಮಹಾಂತಮ್ಮ ಒಂದು ಸ್ಟೂಲು ಎಳೆದುಕೊಂಡು ಅವನೆದುರು ಕೂತರು.

"ಹಬ್ಬದ ಹಿಂದಿನ ದಿನ ಡಬ್ಬಿಗಳನ್ನ ತೊಳೆದ್ರಾ?"

"ಇಲ್ಲಿ ಇಲ್ಲ. ಒಂಬತ್ತು ಡಬ್ಬಿ ಬೀರುವಿನಲ್ಲೇ ಇದ್ವು. ಗಣೇಶ ಮಾತ್ರ ತನ್ನದು ಮನೆಗೆ ತಗೊಂಡು ಹೋದ. ಇದೇ ನನ್ನ ಆಯುಧ ಕರಿಯಣ್ಣ, ಅಮ್ಮನ ಕೈಲಿ ಬೆಳಗಿಸಿಕೊಂಡು ಬರ್ತೀನಿ ಅಂದ."

ಮಹಾಂತಮ್ಮ ಕಣ್ಣು ಮುಚ್ಚಿಕೊಂಡರು. ಖಾತ್ರಿಯಾಯಿತು. ಇಷ್ಟು ಬೇಗ ಆಗಬಾರದಿತ್ತು ಅನ್ನಿಸಿತು.

"ಅವನದೇ ಡಬ್ಬಿ ಅಂತ ಹೇಗೆ ಗೊತ್ತಾಗ್ತಿತ್ತು?"

"ನಂಬರ್ ಇದೆಯಲ್ಲ. ಹತ್ತಕ್ಕೂ ನಾನೇ ಹೊಡೆದಿದ್ದು." ಕರಿಯಣ್ಣ ಮರದ ಪೆಟ್ಟಿಗೆಯಿಂದ ಉಕ್ಕಿನ ಅಚ್ಚೊಂದನ್ನು ತೆಗೆದು ತೋರಿಸಿದ. "ಈ ಏಳರ ಪಂಚಿನ ಕಾಲು ಮುರಿದು ಎರಡು ವರ್ಷ ಆಯ್ತು. ನಾನು ಹೊಡೆದ ಏಳೆಲ್ಲ ಮೋಟುಗಾಲಿಂದೇ. ನನ್ನ ನಂಬರೇ ಕುಂಟು ಮಾರಾಯ ಅಂತ ಗಣೇಶ ನಗಾಡೋನು. ಬೇರೆ ನಂಬರ್ ಕೊಡ್ತೀನಿ ಅಂದ್ರೆ ಬೇಡ ಅಂದ. ಏಳು ನಮ್ಮಕ್ಕ ಹುಟ್ಟಿದ ತಾರೀಕು ಅಂದ."

ಮಹಾಂತಮ್ಮ ತಲೆಯಾಡಿಸಿದರು. ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಮೂವತ್ತು ವರ್ಷ ಕಾನ್‌ಸ್ಟೆಬಲ್‌ಗಳಿಗೆ 'ಬೆಳ್ಳಗಿರೋದೆಲ್ಲ ಹಾಲಲ್ಲ ಕಣ್ರಪ್ಪ' ಎಂದು ಪಾಠ ಹೇಳಿದ ಹೆಂಗಸು, ಮೋಟುಗಾಲಿನ ಮಾತನ್ನು ಆ ಬೆಂಚಿನ ಮೇಲೇ ಬಿಟ್ಟು ಎದ್ದರು. ಸಂಕಟ ತುಂಬಿದ ಮನಸ್ಸು ಎಷ್ಟಾದರೂ ಒಂದು ಕಡೆಗೇ ನೋಡುತ್ತದೆ.

*

ಹಳೇನಗರದ ಓಣಿಯಲ್ಲಿ ವಸಂತಮ್ಮನ ಮನೆ. ಎದುರಿಗೆ ಹೊಂಗೆ ಮರ. ವಿದ್ಯಾಶ್ರೀ ಮರದ ಕೆಳಗೇ ನಿಂತಳು. ಇಲ್ಲಿಂದ ಮುಂದೆ ತನಗೆ ದಾರಿಯಿಲ್ಲ ಎಂಬುದು ಹತ್ತು ದಿನದಲ್ಲಿ ಅವಳಿಗೆ ರೂಢಿಯಾಗಿತ್ತು.

"ಬನ್ನಿ ಮೇಡಂ." ವಸಂತಮ್ಮ ಕಂಬಕ್ಕೊರಗಿ ಕೂತಿದ್ದರು. ಮೂಲೆಯಲ್ಲಿ ಗಣೇಶನ ಫೋಟೋ, ಮುಂದೆ ಒಂದು ದೀಪ. "ಸೂತಕದ ಮನೆ. ಕೂತ್ಕೊಳ್ಳಿ ಅನ್ನೋಕೂ ಸಂಕೋಚ."

"ನಮ್ಮಲ್ಲಿ ಸೂತಕ ಹಿಡಿಯಲ್ಲ ವಸಂತಮ್ಮ. ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತಾರೆ ಹಿರಿಯರು." ಮಹಾಂತಮ್ಮ ಅವರ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು.

"ಅವಳು ಬಂದಿದಾಳಾ?"

"ಬಂದಿದಾಳೆ. ಮರದ ಕೆಳಗಿದಾಳೆ."

"ಇರ್ಲಿ ಅಲ್ಲೇ." ವಸಂತಮ್ಮ ಬಾಗಿಲ ಕಡೆ ನೋಡಲಿಲ್ಲ. "ಅವಳ ಪುಡಿ ನನ್ನ ಮಗನ್ನ ತಿಂತು. ನಾನೇ ಹೆತ್ತೋಳು, ಶಾಪ ಹಾಕೋಕೆ ಬಾಯಿ ಬರಲ್ಲ. ಮುಖ ನೋಡೋಕೂ ಆಗಲ್ಲ."

ಕಳ್ಳರ, ಕುಡುಕರ, ಹೆಂಡತಿಗೆ ಹೊಡೆದವರ ಬಾಯಿ ಬಿಡಿಸಿದ ಮಹಾಂತಮ್ಮ ಇಲ್ಲಿ ದನಿ ತಗ್ಗಿಸಿ ಕೇಳಿದರು.

"ಹಬ್ಬದ ಹಿಂದಿನ ದಿನ ಗಣೇಶ ಒಂದು ಹಿತ್ತಾಳೆ ಡಬ್ಬಿ ತಂದಿದ್ನಾ?"

ವಸಂತಮ್ಮನ ಮುಖದಲ್ಲಿ ಹತ್ತು ದಿನದಲ್ಲಿ ಮೊದಲ ಸಲ ಏನೋ ಬೆಳಗಿತು.

"ತಂದಿದ್ದ. ಅಮ್ಮ, ಇದನ್ನ ನಿನ್ನ ದೀಪದ ಕಂಬದ ಥರ ಮಾಡಿಕೊಡು ಅಂದು ಇಟ್ಟುಬಿಟ್ಟು ಕಟಿಂಗಿಗೆ ಹೋದ. ನಾನು ಬಿಡ್ತೀನಾ? ಹುಣಸೆಹಣ್ಣು, ಕಲ್ಲುಪ್ಪು ಹಾಕಿ ಉಜ್ಜಿದೆ. ಒಳಗೆಲ್ಲ ಮಸಿ ಇದ್ದಂಗಿತ್ತು ಅಂತ ಮುಚ್ಚಳ ಬಿಚ್ಚಿ ಅದೇ ನೀರಲ್ಲಿ ಮುಳುಗಿಸಿಟ್ಟೆ. ಮುಖ ಕಾಣಬೇಕು ಅಷ್ಟು ಹೊಳೀತು ಮೇಡಂ."

"ಹೌದಾ," ಅಂದರು ಮಹಾಂತಮ್ಮ.

"ಯಾಕೆ ಕೇಳ್ತಿದೀರಿ?"

"ಸುಮ್ನೆ."

"ಸುಮ್ನೆ ಕೇಳೋಕೆ ಪೊಲೀಸ್ನೋರು ಮನೆಗೆ ಬರಲ್ಲ."

ಮಹಾಂತಮ್ಮ ದೀಪವನ್ನೇ ನೋಡುತ್ತ ಕೂತರು. ಹೊರಗೆ ಮರದ ಕೆಳಗೆ ಒಬ್ಬಳು, ಒಳಗೆ ಕಂಬದ ಪಕ್ಕ ಒಬ್ಬಳು. ಇಬ್ಬರಲ್ಲಿ ಒಬ್ಬಳ ಎದೆಯ ಮೇಲೆ ಈ ಕಲ್ಲು ಕೂರಲೇಬೇಕು. ಸುಳ್ಳು ಹೇಳಿ ಎದ್ದುಹೋಗಬಹುದಿತ್ತು. ನಾಳೆ ಸಂಜೆ ಆ ಹುಡುಗಿಯ ಕೈ ಹಿಡಿದು ಜೀಪು ಹತ್ತಿಸಬೇಕಾದದ್ದೂ ತಾವೇ ಎಂದು ನೆನಪಾಯಿತು.

"ವಸಂತಮ್ಮ, ವಿದ್ಯಾ ಮಾಡಿದ ಪುಡಿಯಲ್ಲಿ ದೋಷ ಇರಲಿಲ್ಲ. ಅದಕ್ಕೆ ಉಪ್ಪು ಆಗಿಬರಲ್ಲ. ಉಪ್ಪು ತಾಗಿದ್ರೆ ಅದು ಸತ್ತುಹೋಗುತ್ತೆ. ಗಣೇಶನ ಡಬ್ಬಿಯ ಪುಡೀಲಿ ಉಪ್ಪಿತ್ತು."

ವಸಂತಮ್ಮನಿಗೆ ತಕ್ಷಣ ತಿಳಿಯಲಿಲ್ಲ. ತಿಳಿಯುವುದು ನಿಧಾನವಾಗಿ ಬಂತು. ಅವರು ತಮ್ಮ ಎರಡು ಅಂಗೈಗಳನ್ನೂ ಮಡಿಲಲ್ಲಿ ಬಿಡಿಸಿಟ್ಟುಕೊಂಡು ನೋಡಿದರು.

"ಈ ಕೈನಾ?"

ಮಹಾಂತಮ್ಮ ಆ ಕೈಗಳನ್ನು ಹಿಡಿದುಕೊಂಡರು. ತಮ್ಮ ಕೆಲಸದ ಮೇಲೆ ಇಷ್ಟು ಅಸಹ್ಯ ಅವರಿಗೆ ಯಾವತ್ತೂ ಆಗಿರಲಿಲ್ಲ. ಗಂಡ ಸತ್ತ ದಿನ ಯಾರೋ ಒಬ್ಬ ಪೇದೆ ಬಾಗಿಲಲ್ಲಿ ನಿಂತು ಸುದ್ದಿ ಹೇಳಿ ಟೋಪಿ ತೆಗೆದಿದ್ದ. ಆ ಮನುಷ್ಯನಿಗೂ ಹೀಗೇ ಆಗಿತ್ತೇನೋ.

"ಗೊತ್ತಿಲ್ಲದೆ ಆಗಿದ್ದು ತಾಯಿ. ಪ್ರೀತಿಯಿಂದ ಮಾಡಿದ್ದು."

ವಸಂತಮ್ಮ ಅಳಲಿಲ್ಲ. ಅವರ ಹುಬ್ಬು ಗಂಟಿಕ್ಕಿತು.

"ಆದ್ರೆ ಮೇಡಂ, ಆ ಡಬ್ಬಿ ಹೋಗಲೇ ಇಲ್ಲವಲ್ಲ."

"ಎಲ್ಲಿಗೆ?"

"ಫೌಂಡ್ರಿಗೆ. ಅದು ಇಲ್ಲೇ ಇದೆ. ದೇವರ ಮನೇಲಿ."

ಮಹಾಂತಮ್ಮನ ಹಿಡಿತ ಸಡಿಲವಾಯಿತು.

"ಅವತ್ತು ಸಂಜೆ ಗಣೇಶ ಬಂದು ನೋಡ್ದ. ಅಯ್ಯೋ ಅಮ್ಮ, ಒಳಗೆ ನೀರು ಹಾಕಿದ್ಯಾ ಅಂತ ತಲೆ ಮೇಲೆ ಕೈ ಹೊತ್ತು ನಕ್ಕ. ಬೈಲಿಲ್ಲ. ಇದು ಇನ್ನು ಕೆಲಸಕ್ಕೆ ಬರಲ್ಲ, ದೇವರ ಹತ್ರ ಇಟ್ಟು ಪೂಜೆ ಮಾಡ್ಬಿಡು ಅಂದ. ಇಟ್ಟೆ. ಮೂರನೇ ದಿನಕ್ಕೆ ಇದಾಯ್ತು. ಅವತ್ತಿಂದ ದೇವರ ಮನೆ ಬಾಗಿಲು ತೆಗೆದಿಲ್ಲ." ವಸಂತಮ್ಮ ಬೆರಳು ತೋರಿಸಿದರು. "ಸೂತಕ. ನಾನು ಮುಟ್ಟೋ ಹಂಗಿಲ್ಲ. ನಿಮಗೆ ಇಲ್ಲ ಅಂದ್ರಲ್ಲ, ನೀವೇ ತೆಗೀರಿ."

ಪೊಲೀಸರು ಈ ಮನೆಗೆ ಎರಡು ಸಲ ಬಂದು ಹೋಗಿದ್ದರು. ಸೂತಕದ ಮನೆಯ ದೇವರ ಬಾಗಿಲು ತೆಗೆಯಿರಿ ಎಂದು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಚಿಕ್ಕ ಬಾಗಿಲು ಕಿರುಗುಟ್ಟಿತು. ಒಣಗಿದ ಚೆಂಡು ಹೂವಿನ ವಾಸನೆ. ದೀಪದ ಕಂಬಗಳ ನಡುವೆ ಅವುಗಳಷ್ಟೇ ಹೊಳೆಯುತ್ತ ಒಂದು ಹಿತ್ತಾಳೆ ಡಬ್ಬಿ ಕೂತಿತ್ತು. ಕುಂಕುಮದ ಬೊಟ್ಟು, ಮೇಲೊಂದು ಒಣಗಿದ ಹೂವು.

ಮಹಾಂತಮ್ಮ ಅದನ್ನು ಎತ್ತಿ ಮಗುಚಿದರು. ತಳದಲ್ಲಿ 7. ಕಾಲು ಅರ್ಧಕ್ಕೇ ನಿಂತಿತ್ತು.

ಕರಿಯಣ್ಣನ ಬೆಂಚಿನ ಮೇಲೆ ಬಿಟ್ಟುಬಂದ ಮಾತು ಈಗ ಓಡಿಬಂದು ಅವರ ಎದೆಗೆ ಗುದ್ದಿತು. ಹೆಗಲ ಚೀಲದಲ್ಲಿದ್ದ ಇನ್ನೊಂದು ಏಳನ್ನು ಅವರು ತೆಗೆದು ನೋಡಬೇಕಾಗಿರಲಿಲ್ಲ. ಅದರ ಕಾಲು ತುದಿಯವರೆಗೆ ಇಳಿದಿರುವುದನ್ನು ಬೆಳಿಗ್ಗೆಯೇ ಕಂಡಿದ್ದರು. ಅದು ಕರಿಯಣ್ಣ ಹೊಡೆದ ನಂಬರಲ್ಲ. ಅದರಲ್ಲಿದ್ದ ಉಪ್ಪು ಈ ತಾಯಿ ಹಾಕಿದ ಉಪ್ಪಲ್ಲ. ಮತ್ತೆ ಆ ಹುಣಸೆ ನಾರು? ಅದನ್ನು ಅಲ್ಲಿ ಯಾರೋ ಇಟ್ಟಿದ್ದರು. ಈ ಮನೆಯಲ್ಲಿ ಆ ಸಂಜೆ ನಡೆದದ್ದು ಗೊತ್ತಿದ್ದವರು ಯಾರೋ.

"ನೀವಲ್ಲ ವಸಂತಮ್ಮ," ಅಂದರು. ದನಿ ತಮ್ಮದೇ ಅನ್ನಿಸಲಿಲ್ಲ. "ನಿಮ್ಮ ಕೈಯಲ್ಲ. ಗಣೇಶ ಹಾಕಿಕೊಂಡಿದ್ದು ಬೇರೆ ಡಬ್ಬಿ."

ಆಗ ವಸಂತಮ್ಮ ಅತ್ತರು. ಹತ್ತು ದಿನದ್ದೆಲ್ಲ ಸೇರಿಸಿ, ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಮಹಾಂತಮ್ಮ ಕಾದರು. ಅಳು ತಗ್ಗಿದ ಮೇಲೆ ಕೇಳಲೇಬೇಕಾದದ್ದನ್ನು ಕೇಳಿದರು.

"ನೀವು ಡಬ್ಬಿ ತೊಳೆದಿದ್ದು ಇನ್ಯಾರಿಗೆ ಗೊತ್ತಿತ್ತು?"

"ಇನ್ಯಾರಿಗೆ? ಅವನಿಗೆ, ನನಗೆ. ಆಮೇಲೆ ಅವರಕ್ಕನಿಗೆ ಹೇಳ್ದ."

"ಯಾವಾಗ?"

"ಅವತ್ತೇ ಸಂಜೆ. ಅವನ ಫೋನ್ ಚಾರ್ಜಿಗೆ ಹಾಕಿತ್ತು, ನನ್ನ ಫೋನಿಂದ ಮಾಡ್ದ. ಅಮ್ಮ ನಿನ್ನ ಪುಡೀನ ಹುಣಸೆಹಣ್ಣು ಹಾಕಿ ತೊಳೆದ್ಲು ಅಂತ ನಗ್ತಾ ಹೇಳ್ದ. ಅವಳು ಹೆದರಬೇಡ, ಇನ್ನೊಂದು ಕಳಿಸ್ತೀನಿ ಅಂದ್ಲಂತೆ. ನಂಬರೂ ಅದೇ ಹಾಕಿರ್ತೀನಿ, ರಿಜಿಸ್ಟರ್ ತಪ್ಪಬಾರ್ದು ಅಂದ್ಲಂತೆ. ಕೆಲಸಕ್ಕೆ ಹೋಗೋ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಹತ್ರ ಇಸ್ಕೊಂಡು ಹಂಗೇ ಫೌಂಡ್ರಿಗೆ ಹೋದ. ತಿಂಡಿ ಕೂಡ ತಿನ್ಲಿಲ್ಲ."

"ಇದನ್ನ ಯಾಕೆ ಮೊದಲೇ ಹೇಳ್ಲಿಲ್ಲ?"

"ನನ್ನ ಯಾರು ಕೇಳಿದ್ರು ಮೇಡಂ?"

ನಿಜ. ಯಾರೂ ಕೇಳಿರಲಿಲ್ಲ. ಮಗ ಸತ್ತ ತಾಯಿಯನ್ನು ಪೀಡಿಸಬೇಡಿ ಎಂದು ಪೇದೆಗಳನ್ನು ತಡೆದವರು ಮಹಾಂತಮ್ಮನೇ.

ಒಂದನ್ನೂ ಮುಟ್ಟಿಲ್ಲ ಅಂದಿದ್ದಳು. ಚಿನ್ನದ ಲವಣವೇ ಮುಗಿದಿತ್ತು ಅಂದಿದ್ದಳು. ಹಬ್ಬಕ್ಕೆ ಮೂರು ದಿನ ಮುಂಚೆ ಮಾತಾಡಿದ್ದೇ ಕೊನೆ ಅಂದಿದ್ದಳು. ಕಪ್ಪು ಬೆರಳುಗಳು ಚಿಮುಟ ಹಿಡಿದು ಮುಚ್ಚಳದ ಮರೆಯಿಂದ ನಾರನ್ನು ಎಳೆದದ್ದು ಕಣ್ಣೆದುರಿಗೆ ಬಂತು. ದಾರ ಇರಬೇಕು ಅಂದಿದ್ದಳು. ಈ ಅಡುಗೆಮನೆಯಲ್ಲಿ ಬೆಳೆದ ಹುಡುಗಿಗೆ ಹುಣಸೆ ನಾರಿನ ಗುರುತು ಸಿಗಲಿಲ್ಲವೆ?

ಬೆನ್ನ ಮೇಲೆ ಅಂಗಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಆ ಕಣ್ಣೀರು ಸುಳ್ಳಾಗಿರಲಿಕ್ಕಿಲ್ಲ ಎಂದು ಮಹಾಂತಮ್ಮ ತಮಗೆ ತಾವೇ ಹೇಳಿಕೊಂಡರು. ಸುಳ್ಳಾಗದಿರಲಿ ಎಂದು ಬೇಡಿಕೊಂಡರು. ಬೇಕಾದಷ್ಟು ಕಾರಣವಿರಬಹುದು. ಅವಳ ಹೆಸರಲ್ಲಿ ಬೇರೆ ಯಾರಾದರೂ ಕಳಿಸಿರಬಹುದು, ದಾರಿಯಲ್ಲಿ ಯಾರಾದರೂ ಬದಲಿಸಿರಬಹುದು. ಆದರೆ ಫೋನಿನ ಮಾತನ್ನು ಮುಚ್ಚಿಟ್ಟದ್ದು ಬೇರೆ ಯಾರೂ ಅಲ್ಲ.

ವಸಂತಮ್ಮ ಕಣ್ಣೊರೆಸಿಕೊಂಡು ಕಂಬ ಹಿಡಿದು ಎದ್ದರು. ಮುಖ ಹಗುರವಾಗಿತ್ತು.

"ನನ್ನ ಕೈಯೂ ಅಲ್ಲ, ಅವಳ ಪುಡಿಯೂ ಅಲ್ಲ. ಯಾರೋ ಪಾಪಿ ನಡುವೆ ಕೈಯಾಡಿಸಿದಾನೆ. ನಾನು ಹೆತ್ತ ಮಗಳನ್ನ ಹತ್ತು ದಿನ ಬೀದೀಲಿ ನಿಲ್ಲಿಸಿದೆನಲ್ಲ ಮೇಡಂ. ಕರೀರಿ ಅವಳನ್ನ."

"ಸ್ವಲ್ಪ ತಡೀರಿ ವಸಂತಮ್ಮ."

"ಇನ್ನೆಷ್ಟು ತಡೀಲಿ? ಒಬ್ಬ ಹೋದ. ಉಳಿದಿರೋಳು ಅವಳೊಬ್ಬಳು."

ಬಾಗಿಲಿಗೆ ಹೋಗಿ ಅವರೇ ಕೂಗಿದರು. "ವಿದ್ಯಾ, ಬಾರೇ ಒಳಗೆ."

ಹೊಂಗೆ ಮರದ ಕೆಳಗಿಂದ ವಿದ್ಯಾಶ್ರೀ ಓಡಿಬಂದಳು. ಅವಳ ಅಳುವಿನಲ್ಲಿ, ಆ ಓಟದಲ್ಲಿ ಯಾವ ನಾಟಕವೂ ಇರಲಿಲ್ಲ. ಬೆಳಿಗ್ಗೆಯಿಂದ ಮಹಾಂತಮ್ಮ ನೋಡಬೇಕೆಂದು ಹಂಬಲಿಸಿದ್ದು ಇದನ್ನೇ. ಈಗ ನೋಡುವುದಕ್ಕೆ ಕಷ್ಟವಾಯಿತು.

ತಾಯಿ ಎರಡೂ ಕೈ ಚಾಚಿದ್ದರು. ವಿದ್ಯಾಶ್ರೀ ಒಂದು ಕಾಲನ್ನು ಹೊಸ್ತಿಲ ಒಳಗಿಟ್ಟಳು. ಅಷ್ಟರಲ್ಲಿ ಅವಳ ಕಣ್ಣು ತೆರೆದ ದೇವರ ಮನೆಯ ಮೇಲೆ, ಅಲ್ಲಿಂದ ಮಹಾಂತಮ್ಮನ ಅಂಗೈಯಲ್ಲಿ ಹೊಳೆಯುತ್ತಿದ್ದ ಡಬ್ಬಿಯ ಮೇಲೆ ಬಿತ್ತು. ಇನ್ನೊಂದು ಕಾಲು ಹೊರಗೇ ಉಳಿಯಿತು. ಕಪ್ಪು ಬೆರಳುಗಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡವು.

"ಅದನ್ನ ಹೊಳೆಗೆ ಎಸೀತೀನಿ ಅಂತ ಫೋನಲ್ಲಿ ಅಂದಿದ್ನಲ್ಲ ಗಣೇಶ," ಅಂದಳು.